ಮನೆಯಲ್ಲಿ ಚಿನ್ನ: ಸೇಫ್ ತಂದರೆ ಸಾಲದು, ನೆಲಕ್ಕೆ ಬಿಗಿಯಿರಿ

ಚಿನ್ನದ ಬೆಲೆ ಏರಿದಾಗಲೆಲ್ಲ ಇವೇ ಪ್ರಶ್ನೆಗಳು ಬರುತ್ತವೆ. ಲಾಕರ್ ಒಳ್ಳೆಯದೋ ಮನೆ ಒಳ್ಳೆಯದೋ ಎಂಬ ಚರ್ಚೆ ಇಲ್ಲಿ ಬೇಡ. ಮನೆಯಲ್ಲೇ ಇಡುವುದೆಂದು ತೀರ್ಮಾನಿಸಿದವರಿಗಷ್ಟೇ ಈ ಉತ್ತರಗಳು.

ಪ್ರಶ್ನೆ: ನಮ್ಮ ಬ್ಯಾಂಕಿನಲ್ಲಿ ಲಾಕರ್ ಖಾಲಿ ಇಲ್ಲ. ಆನ್‌ಲೈನಿನಲ್ಲಿ ಡಿಜಿಟಲ್ ಸೇಫ್ ತರಿಸಿ ವಾರ್ಡ್‌ರೋಬ್ ಒಳಗೆ ಇಟ್ಟಿದ್ದೇವೆ. ಸುಮಾರು 250 ಗ್ರಾಂ ಒಡವೆ, ಒಂದಷ್ಟು ಬೆಳ್ಳಿ ಸಾಮಾನು ಇದೆ. ಫೈರ್‌ಪ್ರೂಫ್ ಎಂದು ಬರೆದಿದೆ. ಇಷ್ಟು ಸಾಕಲ್ಲವೇ? (ದಾವಣಗೆರೆ)

ಸಾಲದು. ಸೇಫಿನ ಬಣ್ಣ, ಕಂಪನಿ, ಬೆಲೆ ಎಲ್ಲ ಬರೆಯುವವರು ಬೋಲ್ಟ್ ಹಾಕಿದ್ದೇವೋ ಇಲ್ಲವೋ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅಂದರೆ ಹಾಕಿಲ್ಲ ಎಂದೇ ಅರ್ಥ. ವಾರ್ಡ್‌ರೋಬಿನಲ್ಲಿ ಹಿಡಿಸುವ ಇಂಥ ಸೇಫ್ ಸಾಮಾನ್ಯವಾಗಿ ಹತ್ತಿಪ್ಪತ್ತು ಕೆ.ಜಿ. ತೂಗುತ್ತದೆ. ಬಿಗಿಯದೆ ಇಟ್ಟರೆ ಅದು ಕಳ್ಳನಿಗೆ ನೀವೇ ತುಂಬಿಸಿಟ್ಟ ಸೂಟ್‌ಕೇಸು. ಅವನು ಅದನ್ನು ನಿಮ್ಮ ಮನೆಯಲ್ಲಿ ತೆರೆಯುವ ಕಷ್ಟ ಪಡುವುದಿಲ್ಲ. ಹೊತ್ತೊಯ್ದು ಪುರುಸೊತ್ತಾಗಿ ಗ್ರೈಂಡರ್ ಹಿಡಿಯುತ್ತಾನೆ.

ವಾರ್ಡ್‌ರೋಬಿನ ಪ್ಲೈವುಡ್‌ಗೆ ಸ್ಕ್ರೂ ಹೊಡೆದರೆ ಬಿಗಿದಂತಾಗುವುದಿಲ್ಲ, ಒಂದು ಸಬ್ಬಲಿಗೆ ಕಿತ್ತು ಬರುತ್ತದೆ. ತಳದ ಹಲಗೆ ಕತ್ತರಿಸಿ ಸೇಫನ್ನು ನೇರ ನೆಲದ ಮೇಲೆ ಕೂರಿಸಿ. ಜೊತೆಗೆ ಬರುವ ಸಣ್ಣ ಬೋಲ್ಟ್‌ಗಳನ್ನು ಬದಿಗಿಟ್ಟು, ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ10 ಆ್ಯಂಕರ್ ಫಾಸ್ಟನರ್ (ಬಿಗಿದಾಗ ಅರಳಿ ಕಾಂಕ್ರೀಟನ್ನು ಕಚ್ಚುವ ಹೊರಕೋಶವಿರುವ ಬೋಲ್ಟ್) ನಾಲ್ಕು ತನ್ನಿ. ಹೊರಕೋಶ ಮೊದಲು ನೆಲದೊಳಗೆ ಕೂತು, ಆಮೇಲೆ ಸೇಫಿನ ಒಳಗಿನಿಂದ ಬೋಲ್ಟ್ ತಿರುಗಿಸುವ ಬಗೆಯದೇ ಇರಲಿ. ಇದಕ್ಕೆ ಸಾಮಾನ್ಯವಾಗಿ 16 ಮಿ.ಮೀ. ರಂಧ್ರ ಬೇಕು, ಪೊಟ್ಟಣದ ಮೇಲೆ ನೋಡಿಕೊಳ್ಳಿ. ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಆಫ್ ಇರಲಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಆಳ 60ರಿಂದ 75 ಮಿ.ಮೀ. ರಂಧ್ರದ ಪುಡಿಯನ್ನು ಸೈಕಲ್ ಪಂಪಿನಿಂದ ಪೂರ್ತಿ ಊದಿ ತೆಗೆಯಿರಿ. ಪುಡಿ ಉಳಿದರೆ ಕೋಶ ಅರಳಿ ಕಾಂಕ್ರೀಟನ್ನು ಕಚ್ಚುವುದಿಲ್ಲ, ಬೋಲ್ಟ್ ಸುಮ್ಮನೆ ಸುತ್ತುತ್ತಿರುತ್ತದೆ. ಸೇಫಿನ ತಳದ ತಗಡು ತೆಳು. ಬರೀ ವಾಷರ್ ಹಾಕಿದರೆ ಸಬ್ಬಲಿನ ಎಳೆತಕ್ಕೆ ತಗಡೇ ಹರಿದು ಬೋಲ್ಟ್ ನೆಲದಲ್ಲೇ ಉಳಿಯುತ್ತದೆ. ಒಳಗಡೆ ಎರಡೆರಡು ರಂಧ್ರಗಳಿಗೂ ಸೇರಿಸಿ 5 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ ಇಟ್ಟು, ಅದರ ಮೇಲೆ ಬಿಗಿಯಿರಿ. ತಳದಲ್ಲಿ ಎರಡೇ ರಂಧ್ರ ಇದ್ದರೆ ಉಳಿದೆರಡು ಹಿಂಗೋಡೆಗೆ.

ಇನ್ನು ನೆಲ. ಮಹಡಿಯ ಮೇಲಾದರೆ ಆರ್‌ಸಿಸಿ ಸ್ಲ್ಯಾಬ್ ಇರುತ್ತದೆ, ತೊಂದರೆಯಿಲ್ಲ. ನಮ್ಮ ಕಡೆ ಹೆಚ್ಚಿನ ಮನೆಗಳ ನೆಲಮಹಡಿಯಲ್ಲಿ ಟೈಲ್ಸ್ ಕೆಳಗಿರುವುದು ನಾಲ್ಕಿಂಚಿನ ಬೆಡ್ ಕಾಂಕ್ರೀಟು, ಅದರಡಿ ತುಂಬಿದ ಮಣ್ಣು. ಡ್ರಿಲ್ ಮಾಡುವಾಗ ಬೂದುಪುಡಿ ನಿಂತು ಮಣ್ಣು ಬರತೊಡಗಿದರೆ ಅಲ್ಲಿ ಬೋಲ್ಟ್ ನಿಲ್ಲುವುದಿಲ್ಲ. ಎರಡಡಿ ಉದ್ದ, ಎರಡಡಿ ಅಗಲ, ಎಂಟಿಂಚು ಆಳ ಅಗೆಸಿ, 10 ಮಿ.ಮೀ. ಕಂಬಿಯನ್ನು ಆರಿಂಚಿಗೊಂದರಂತೆ ಜಾಲರಿ ಕಟ್ಟಿಸಿ, 1:1.5:3 ಅಳತೆಯ (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ತುಂಬಿಸಿ. ಏಳು ದಿನ ನೀರುಣಿಸಬೇಕು. ಡ್ರಿಲ್ ಮುಟ್ಟಿಸುವುದು 28 ದಿನದ ಮೇಲೆ. ಹಾಲೋ ಬ್ಲಾಕ್ ಮತ್ತು ಹಗುರ ಎಎಸಿ ಬ್ಲಾಕ್ ಗೋಡೆಗೆ ಈ ಫಾಸ್ಟನರ್ ಹಿಡಿಯುವುದಿಲ್ಲ, ಅದನ್ನು ನಂಬಿ ಗೋಡೆಗೆ ನೇತುಹಾಕಬೇಡಿ. ಅಪಾರ್ಟ್‌ಮೆಂಟ್ ಆದರೆ ಕೊರೆಯುವ ಮುನ್ನ ಬಿಲ್ಡರನ್ನು ಕೇಳಿ. ಸ್ಲ್ಯಾಬಿನೊಳಗೆ ಕೆಳಮನೆಯ ವಿದ್ಯುತ್ ಪೈಪ್ ಹೋಗಿರುತ್ತದೆ. ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಎಂದರೆ ಕೊರೆಯಲೇಬೇಡಿ, ಒಳಗಿನ ಬಿಗಿದ ಕೇಬಲ್ಲಿಗೆ ಡ್ರಿಲ್ ತಗುಲಿದರೆ ಕಟ್ಟಡಕ್ಕೇ ಅಪಾಯ.

ಜಾಗ ಮೂಲೆಯದಾಗಿರಲಿ. ಬಾಗಿಲು ತೆರೆದುಕೊಳ್ಳುವ ಅಂಚು ಪಕ್ಕದ ಗೋಡೆಗೆ ಒತ್ತಿಕೊಂಡಿರಬೇಕು, ಹಿಂಜ್ ಇರುವ ಬದಿ ಈಚೆಗೆ. ಆಗ ಸಬ್ಬಲು ತೂರಿಸಿ ಮೀಟಲು ಜಾಗ ಸಿಗುವುದಿಲ್ಲ. ಕೊರೆಯುವ ಕೆಲಸದ ದಿನ ಒಡವೆ ಮನೆಯಲ್ಲಿ ಕಣ್ಣಿಗೆ ಬೀಳುವಂತೆ ಇರಕೂಡದು. ಕೆಲಸದವರಿಗೆ ಕಾಗದಪತ್ರ ಇಡಲು ಎಂದರೆ ಸಾಕು.

ಅಗ್ಗದ ಡಿಜಿಟಲ್ ಬೀಗದ ಬಗ್ಗೆ ಮೂರು ಮಾತು. ಕಾರ್ಖಾನೆಯಿಂದ ಬಂದ ನಂಬರ್ ಜೊತೆಗೆ, ಮಾಸ್ಟರ್ ನಂಬರ್ ಎಂಬುದು ಬೇರೆ ಇದ್ದರೆ ಅದನ್ನೂ ಬದಲಿಸಿ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತ ಸೇಫ್ ಯಾರಿಗಾದರೂ ತೆರೆಯುತ್ತದೆ. ತುರ್ತು ಕೀಲಿಯನ್ನು ಸೇಫ್ ಒಳಗೇ ಇಟ್ಟವರು ಸೆಲ್ ಮುಗಿದ ದಿನ ಫೋನ್ ಮಾಡುತ್ತಾರೆ. ಆ ಕೀಲಿ ಬೀರುವಿನ ಮೇಲೂ ಬೇಡ, ದೇವರಮನೆಯಲ್ಲೂ ಬೇಡ, ಬೇರೊಂದು ಮನೆಯ ನಂಬಿಕಸ್ಥರ ಬಳಿ ಇರಲಿ. ಆಲ್ಕಲೈನ್ ಸೆಲ್ ಹಾಕಿ ವರ್ಷಕ್ಕೊಮ್ಮೆ ಬದಲಿಸಿ, ಹಳೆಯದು ಸೋರಿದರೆ ಒಳಗಿನ ಸಂಪರ್ಕವೇ ಕೆಡುತ್ತದೆ. ದುಡ್ಡು ಸ್ವಲ್ಪ ಹೆಚ್ಚು ಹಾಕಬಲ್ಲಿರಾದರೆ ಐಎಸ್ 550 (ಸೇಫ್‌ಗಳಿಗಿರುವ ಭಾರತೀಯ ಮಾನಕ) ಗುರುತಿನ ಭಾರದ ಸೇಫನ್ನೇ ಕೊಳ್ಳಿ.

ಫೈರ್‌ಪ್ರೂಫ್ ಎಂಬುದು ಬೇರೆಯೇ ಲೆಕ್ಕ. ಅದು ಕಾಗದ ಸುಡದಂತೆ ಕಾಯಲು ಮಾಡಿದ್ದು. ಶುದ್ಧ ಚಿನ್ನ ಕರಗುವುದು 1064 ಡಿಗ್ರಿಯಲ್ಲಿ, ಬೆಳ್ಳಿ 962ರಲ್ಲಿ. ಮನೆಗೆ ಬೆಂಕಿ ಬಿದ್ದರೆ ಬೆಸುಗೆ ಬಿಡಬಹುದು, ಹರಳು ಸಿಡಿಯಬಹುದು, ಮುತ್ತು ಹಾಳಾಗುತ್ತದೆ. ಲೋಹ ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ಮೊದಲ ಚಿಂತೆ ಕಳ್ಳನದು. ಮೇಲಾಗಿ ಫೈರ್ ಸೇಫಿನ ಗೋಡೆಯೊಳಗಿನ ಪದಾರ್ಥದಲ್ಲಿ ನೀರಿನಂಶ ಇರುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ತೇವ ಕೂಡುತ್ತದೆ. 100 ಗ್ರಾಂ ಸಿಲಿಕಾ ಜೆಲ್ ಇಡಿ. ಕಿತ್ತಳೆ ಬಣ್ಣದ್ದು ಹಸಿರಾದರೆ ಒವನ್‌ನಲ್ಲಿ 120 ಡಿಗ್ರಿಗೆ ಎರಡು ತಾಸು ಕಾಯಿಸಿ ಮತ್ತೆ ಬಳಸಬಹುದು.

ಕೊನೆಗೆ ಯಾರೂ ಮಾಡದ ಕೆಲಸ: ಪಟ್ಟಿ. ಪ್ರತಿ ಒಡವೆಯ ತೂಕ, ಎರಡು ಬದಿಯ ಫೋಟೊ, ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಒಡವೆಯ ಗುರುತಿನ ಸಂಖ್ಯೆ), ಬಿಲ್ಲು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಸರಿಯಿದೆಯೇ ನೋಡಿ. ಒಂದು ಪ್ರತಿ ಮನೆಯ ಹೊರಗಿರಲಿ. ‘ಅಂದಾಜು ಐದು ಬಳೆ’ ಎಂದು ಬರೆಸಿದ ದೂರಿನಿಂದ ಸಿಕ್ಕ ಮಾಲನ್ನು ನಿಮ್ಮದೆಂದು ಗುರುತಿಸುವುದು ಕಷ್ಟ.

ಪ್ರಶ್ನೆ: ಮನೆಯಲ್ಲಿ 500 ಗ್ರಾಂಗಿಂತ ಹೆಚ್ಚು ಚಿನ್ನ ಇಟ್ಟರೆ ಅಪರಾಧವೇ?

ಅಲ್ಲ, ಇದನ್ನು ಹಬ್ಬಿಸುವುದು ನಿಲ್ಲಿಸಿ. ವಿವಾಹಿತೆಗೆ 500, ಅವಿವಾಹಿತೆಗೆ 250, ಪುರುಷರಿಗೆ 100 ಗ್ರಾಂ ಎಂಬುದು ಆದಾಯ ತೆರಿಗೆ ಶೋಧದ ವೇಳೆ ಅಷ್ಟು ಒಡವೆಯನ್ನು ಜಪ್ತಿ ಮಾಡಬೇಡಿ ಎಂದು ಅಧಿಕಾರಿಗಳಿಗೆ 1994ರಲ್ಲಿ ಕೊಟ್ಟ ಸೂಚನೆ. ಮೂಲ ತೋರಿಸಬಲ್ಲಿರಾದರೆ ಇಟ್ಟುಕೊಳ್ಳಲು ಮಿತಿಯಿಲ್ಲ. ಬಿಲ್ಲು, ವಿಲ್ಲು, ವಿಭಾಗಪತ್ರ ಜೋಪಾನ ಮಾಡಿ.

ಪ್ರಶ್ನೆ: ತಿಜೋರಿ ಯಾವ ದಿಕ್ಕಿಗೆ ಇರಬೇಕು?

ಕಾಂಕ್ರೀಟ್ ಗಟ್ಟಿಯಿರುವ ಕಡೆಗೆ.

ಪ್ರಶ್ನೆ: ಹಿತ್ತಲಲ್ಲಿ ಹೂತಿಟ್ಟರೆ?

ಬೇಡ. ಮಳೆಗಾಲದ ತೇವ ಒಂದು ಕಡೆ, ಜಾಗ ಗೊತ್ತಿದ್ದವರು ತೀರಿಕೊಂಡರೆ ಗತಿಯೇನು ಎಂಬುದು ಇನ್ನೊಂದು ಕಡೆ. ಅಕ್ಕಿ ಡಬ್ಬ, ಹಾಸಿಗೆಯಡಿ, ಹಳೇ ಪೇಪರಿನ ಕಟ್ಟಿಗೂ ಇದೇ ಉತ್ತರ.

ಪ್ರಶ್ನೆ: ಬೆಳ್ಳಿ ದೀಪ, ತಟ್ಟೆಗಳು ವರ್ಷದಲ್ಲೇ ಕಪ್ಪಾಗುತ್ತವೆ. ಬೆಳ್ಳಿ ಕಳಪೆಯೇ?

ಕಪ್ಪಾಗುವುದರಿಂದ ಕಳಪೆ ಎಂದಾಗುವುದಿಲ್ಲ. ಗಾಳಿಯ ಗಂಧಕದ ಅಂಶ ಸೇರಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ನೀವು ಸುತ್ತಿಟ್ಟ ನ್ಯೂಸ್‌ಪೇಪರು, ಹಾಕಿದ ರಬ್ಬರ್ ಬ್ಯಾಂಡು, ಉಣ್ಣೆಬಟ್ಟೆ ಮೂರರಿಂದಲೂ ಅದು ಜೋರಾಗುತ್ತದೆ. ಒಣಗಿಸಿ, ಒಂದೊಂದನ್ನೂ ಪಾಲಿಥೀನ್ ಜಿಪ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿಡಿ. ಪಿವಿಸಿ ಕವರ್ ಬೇಡ. ಟೂತ್‌ಪೇಸ್ಟ್ ತಿಕ್ಕಿದರೆ ಗೀರು ಬಿದ್ದು ಬೆಳ್ಳಿಯೇ ಸವೆಯುತ್ತದೆ. ಪಾತ್ರೆಯಲ್ಲಿ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತಿಟ್ಟು, ಲೀಟರ್ ಕುದಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಸೇರಿಸಿ ಸುರಿಯಿರಿ. ಕೆಲವು ನಿಮಿಷದಲ್ಲಿ ಕಪ್ಪು ಬಿಡುತ್ತದೆ. ಅರಗು ತುಂಬಿದ, ಹರಳು ಕೂರಿಸಿದ ಒಡವೆಗೆ ಇದನ್ನು ಮಾಡಕೂಡದು. ಮುತ್ತಿನ ಸರವನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದಂತೆ ಇಡಬೇಡಿ, ಒಣಗಿ ಬಿರಿಯುತ್ತದೆ.

ಪ್ರಶ್ನೆ: ಮನೆಬಾಗಿಲಿಗೆ ಬಂದು ಚಿನ್ನ ಪಾಲಿಶ್ ಮಾಡಿಕೊಡುವವರನ್ನು ನಂಬಬಹುದೇ?

ಬಾಗಿಲು ಹಾಕಿಕೊಳ್ಳಿ! ಅವರ ಬಟ್ಟಲಲ್ಲಿರುವುದು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಮಿಶ್ರಣವಾದರೆ ಚಿನ್ನ ಅದರಲ್ಲಿ ಕರಗಿ ಉಳಿಯುತ್ತದೆ. ಬಳೆ ಹೊಳೆಯುತ್ತ ಕೈಗೆ ಬರುತ್ತದೆ, ತೂಕ ಇಳಿದಿರುತ್ತದೆ. ತಕ್ಕಡಿ ಇರುವ ಅಂಗಡಿಯಲ್ಲಿ, ಮೊದಲೂ ಆಮೇಲೂ ತೂಗಿಸಿ ಮಾಡಿಸಿ.

ಪ್ರಶ್ನೆ: ಖಾಸಗಿ ಲಾಕರ್ ಕಂಪನಿಗಳಲ್ಲಿ ಇಡಬಹುದೇ? ವಿಮೆ?

ಬ್ಯಾಂಕ್ ಲಾಕರಿನಲ್ಲಿ ಕಳವು, ಬೆಂಕಿ, ಸಿಬ್ಬಂದಿಯ ಮೋಸಕ್ಕೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕಿನ ಹೊಣೆ ಎಂಬ ರಿಸರ್ವ್ ಬ್ಯಾಂಕ್ ನಿಯಮ 2022ರ ಜನವರಿಯಿಂದ ಇದೆ. ಖಾಸಗಿ ಲಾಕರಿಗೆ ಅದು ಅನ್ವಯಿಸದು, ಅಲ್ಲಿ ನಿಮ್ಮ ಕರಾರೇ ಕಾನೂನು. ವಿಮೆ ಯಾರ ಹೆಸರಿನಲ್ಲಿದೆ, ಒಂದು ಲಾಕರಿಗೆ ಎಷ್ಟು ಎಂಬುದನ್ನು ಪಾಲಿಸಿಯಲ್ಲೇ ಓದಿ, ಬಾಯಿಮಾತು ಬೇಡ. ಮನೆಯ ಒಡವೆಗೆ ವಿಮೆ ಮಾಡಿಸುವವರೂ ಷರತ್ತು ಓದಬೇಕು. ಬೀಗ ಒಡೆದ ಗುರುತು ಇದ್ದರಷ್ಟೇ ಪರಿಹಾರ ಎಂಬ ಸಾಲು ಕಳವಿನ ಪಾಲಿಸಿಗಳಲ್ಲಿ ಸಾಮಾನ್ಯ. ಹಾಗಿದ್ದಲ್ಲಿ ಮನೆಗೆಲಸದವರು ಕೀಲಿ ಬಳಸಿ ತೆಗೆದರೆ ಹಣ ಬರುವುದಿಲ್ಲ. ನಾಣ್ಯ, ಗಟ್ಟಿ ಸೇರುತ್ತವೆಯೇ ಎಂದೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.