ನನ್ನ ಕೆಂಪಿನ ಮೇಲೆ ಅವಳು ಕಪ್ಪು ಬಳಿದಳು

ಪ್ರಶ್ನೆ: ನಾನು ಹಾಸನದವಳು, ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಚಿಕ್ಕಮಗಳೂರಿನ ಗೆಳತಿ ಮತ್ತು ನಾನು ಕಲಾಶಾಲೆಯಲ್ಲಿ ಒಟ್ಟಿಗೆ ಓದಿದವರು. ಎರಡು ವರ್ಷದಿಂದ ಇಬ್ಬರೂ ಸೇರಿ ಮಿಕ್ಸೆಡ್ ಮೀಡಿಯಾದಲ್ಲಿ ಅಮೂರ್ತ ಚಿತ್ರಗಳ ಸರಣಿ ಮಾಡುತ್ತಿದ್ದೇವೆ. ಗೋಣಿತಾಟು, ಕಾಫಿ ಸಿಪ್ಪೆ, ಹಳೇ ಲೆಕ್ಕದ ಪುಸ್ತಕದ ಹಾಳೆ, ಬಣ್ಣ ಎಲ್ಲಾ ಇದೆ. ಕ್ಯಾನ್ವಾಸ್ ಹದಿನೈದು ದಿನ ಅವಳ ಮನೆಯಲ್ಲಿ, ಹದಿನೈದು ದಿನ ನನ್ನ ಮನೆಯಲ್ಲಿ. 18 ಚಿತ್ರ ಮುಗಿದಿವೆ. ಹೋದ ತಿಂಗಳು ದೊಡ್ಡ ಕ್ಯಾನ್ವಾಸ್ ವಾಪಸ್ ಬಂದಾಗ ನೋಡಿದರೆ, ನಾನು ಆಯಿಲ್‌ನಲ್ಲಿ ಬರೆದಿದ್ದ ಕೆಂಪಿನ ಮೇಲೆ ಪೂರ್ತಿ ಕಪ್ಪು ಅಕ್ರಿಲಿಕ್ (ನೀರಲ್ಲಿ ಕಲಸುವ ಬಣ್ಣ) ಬಳಿದಿದ್ದಳು. ಒಂದು ಮಾತು ಕೇಳಿರಲಿಲ್ಲ. ನಾನು ಸುಮ್ಮನಿದ್ದೆ. ಮೊನ್ನೆ ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಚಿತ್ರ ಹಾಕಿ ‘ನನ್ನ ಹೊಸ ಸರಣಿ’ ಅಂತ ಬರೆದುಕೊಂಡಿದ್ದಾಳೆ. ಹೋಮ್‌ಸ್ಟೇಯವರೊಬ್ಬರು ಎರಡು ಚಿತ್ರ ಕೇಳಿದ್ದಾರಂತೆ. ಡಿಸೆಂಬರ್‌ನಲ್ಲಿ ಪ್ರದರ್ಶನ. ‘ಒಂಬತ್ತು ನಿನಗೆ, ಒಂಬತ್ತು ಅವಳಿಗೆ, ಮುಗಿಸು’ ಅನ್ನುತ್ತಾರೆ ನಮ್ಮ ಮನೆಯವರು. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಜಗಳ ಇವೆ. ನೀವು ಎರಡನ್ನೂ ಒಂದೇ ಗಂಟು ಕಟ್ಟಿದ್ದೀರಿ. ಕಪ್ಪು ಬಳಿದದ್ದು ಒಂದು, ಹೆಸರು ಬಿಟ್ಟದ್ದು ಇನ್ನೊಂದು. ಮೊದಲನೆಯದರಲ್ಲಿ ನಾನು ಪೂರ್ತಿ ನಿಮ್ಮ ಕಡೆ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಕ್ಯಾನ್ವಾಸನ್ನು ಅವಳ ಮನೆಗೆ ಕಳಿಸಿದ್ದು ಏನಾದರೂ ಮಾಡಲಿ ಅಂತಲೇ ಅಲ್ವಾ? ಪದರದ ಮೇಲೆ ಪದರ ಹಾಕುವ ಕೆಲಸದಲ್ಲಿ ಕೆಳಗಿನದು ಮುಚ್ಚಿಹೋಗುತ್ತದೆ. ಈ ಎರಡು ವರ್ಷದಲ್ಲಿ ಅವಳು ಅಂಟಿಸಿದ ಸಿಪ್ಪೆಯ ಮೇಲೆ ನೀವೂ ಎಷ್ಟೋ ಸಲ ತಾಟು ಎಳೆದಿರುತ್ತೀರಿ. ಆಗೆಲ್ಲ ಕೇಳಿದ್ದಿರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ನ್ಯೂಯಾರ್ಕ್‌ನಲ್ಲಿ 1984–85ರಲ್ಲಿ ಆಂಡಿ ವಾರ್‌ಹಾಲ್ ಮತ್ತು ಬಾಸ್ಕಿಯಾ ಅನ್ನುವ ಇಬ್ಬರು ಚಿತ್ರಕಾರರು ಒಂದೇ ಕ್ಯಾನ್ವಾಸಿನ ಮೇಲೆ ಕೆಲಸ ಮಾಡಿದರು. ಇಬ್ಬರಿಗೂ 32 ವರ್ಷದ ಅಂತರ. ವಾರ್‌ಹಾಲ್ ಯಾವುದೋ ಕಂಪನಿಯ ಲೋಗೋನೋ, ಪೇಪರಿನ ಹೆಡ್‌ಲೈನೋ ಬರೆದಿಡುತ್ತಿದ್ದರು. ಬಾಸ್ಕಿಯಾ ಅದರ ಮೇಲೆ ಗೀಚಿ, ಬಳಿದು, ಅರ್ಧ ಅಳಿಸಿಬಿಡುತ್ತಿದ್ದರು. ಅದೇ ಅವರ ಆಟ. ಒಡಕು ಬಂದದ್ದು ಅದರಿಂದಲ್ಲ. 1985ರ ಸೆಪ್ಟೆಂಬರ್‌ನಲ್ಲಿ ಪ್ರದರ್ಶನ ನಡೆದಾಗ ಪತ್ರಿಕೆಯ ವಿಮರ್ಶೆ ಬಾಸ್ಕಿಯಾನನ್ನು ವಾರ್‌ಹಾಲ್ ಹಿಂದೆ ತಿರುಗುವವನ ಹಾಗೆ ಹಗುರ ಮಾಡಿತು. ಆಮೇಲೆ ಒಡನಾಟ ತಣ್ಣಗಾಯಿತು. ವಾರ್‌ಹಾಲ್ 1987ರಲ್ಲಿ ಹೋದರು, ಬಾಸ್ಕಿಯಾ ಮರುವರ್ಷ.

ಆದರೂ ಆ ಕಪ್ಪಿನ ಬಗ್ಗೆ ನೀವು ಮಾತಾಡಲೇಬೇಕು, ಬೇರೆ ಕಾರಣಕ್ಕೆ. ಅಕ್ರಿಲಿಕ್ ಮೇಲೆ ಆಯಿಲ್ ಹಾಕಬಹುದು, ಆಯಿಲ್ ಮೇಲೆ ಅಕ್ರಿಲಿಕ್ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ, ಸಿಪ್ಪೆ ಏಳುತ್ತದೆ. ಇದು ನಿಮ್ಮಿಬ್ಬರಿಗೂ ಕಾಲೇಜಿನಲ್ಲೇ ಗೊತ್ತಿದ್ದ ವಿಷಯ. ಹಾಗಾಗಿ ‘ನನ್ನ ಕೆಂಪು ಮುಚ್ಚಿದೆ’ ಅಂತ ಶುರು ಮಾಡಬೇಡಿ. ‘ಇದು ಉದುರುತ್ತೆ ಕಣೇ, ಏನು ಮಾಡೋಣ?’ ಅಂತ ಕೇಳಿ. ಅವಳಿಗೆ ಅಲ್ಲಿ ಕಪ್ಪು ಯಾಕೆ ಬೇಕಿತ್ತು ಅನ್ನುವುದು ತಾನಾಗಿ ಹೊರಗೆ ಬರುತ್ತದೆ. ಬಹುಶಃ ಕಪ್ಪೇ ಸರಿ ಇರಬಹುದು. (ಅಮೂರ್ತ ಚಿತ್ರದ ಮುಂದೆ ನಿಂತು ಮೇಲ್ಗಡೆ ಯಾವುದು ಅಂತ ಹುಡುಕುವವಳು ನಾನು. ತೀರ್ಪು ನನ್ನಿಂದ ಬೇಡ.)

ಇನ್ನು ಹೆಸರು. ಇಲ್ಲಿ ಒಂದಿಂಚೂ ಬಿಡಬೇಡಿ. ಕ್ರಿಸ್ಟೊ ಮತ್ತು ಜಾನ್ ಕ್ಲೋಡ್ ಅಂತ ಗಂಡ ಹೆಂಡತಿ ಕಲಾವಿದರಿದ್ದರು. ಕಟ್ಟಡ, ಸೇತುವೆಗಳನ್ನೇ ಬಟ್ಟೆಯಲ್ಲಿ ಸುತ್ತುತ್ತಿದ್ದವರು. ವರ್ಷಾನುಗಟ್ಟಲೆ ಕೆಲಸ ಇಬ್ಬರದು, ಹೆಸರು ಕ್ರಿಸ್ಟೊ ಒಬ್ಬರದೇ. ಹೊರಾಂಗಣದ ಹಳೆಯ ಕೆಲಸಗಳಿಗೂ ಸೇರಿಸಿ ಇಬ್ಬರ ಹೆಸರು ಹಾಕಲು ಶುರುವಾದದ್ದು 1994ರಲ್ಲಿ. ಆಗ ಇಬ್ಬರಿಗೂ 59 ತುಂಬುತ್ತಿತ್ತು. ಅಷ್ಟು ದಿನ ಕಾಯುವ ಸಹನೆ ನಿಮಗೆ ಇರಬಹುದು, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ‘ನಾನು ಸುಮ್ಮನಿದ್ದೆ’ ಅನ್ನುವ ಮಾತು. ಕಪ್ಪು ನೋಡಿಯೂ ನೀವು ಏನೂ ಅನ್ನಲಿಲ್ಲ. ಇವಳಿಗೆ ನಡೆಯುತ್ತದೆ ಅಂತ ಅವಳು ತಿಳಿದಿರಬೇಕು. ಅವಳದು ತಪ್ಪು, ಹೌದು. ಆದರೆ ಕಳ್ಳತನವೋ, ಸುಮ್ನೆ ಬೇಜವಾಬ್ದಾರಿಯೋ ಅನ್ನುವುದು ಒಂದು ಫೋನಿನಲ್ಲಿ ಗೊತ್ತಾಗುತ್ತದೆ.

ನಿಮ್ಮ ಯಜಮಾನರ ಲೆಕ್ಕ ಆಸ್ತಿ ಪಾಲಿಗೆ ಸರಿ, ಇಲ್ಲಿ ನಡೆಯದು. ಒಂಬತ್ತು ನಿಮ್ಮ ಪಾಲಿಗೆ ಬಂದರೂ ಅವುಗಳಲ್ಲಿ ಅವಳ ಕೈ ಇದ್ದೇ ಇದೆ. ಯಾರದು ಎಷ್ಟು ಅಂತ ಬಿಡಿಸಲು ಬಾರದ ಹಾಗೆ ಸೇರಿ ಮಾಡಿದ ಕೃತಿಗೆ 1957ರ ಕಾಪಿರೈಟ್ ಕಾಯ್ದೆ ಇಬ್ಬರನ್ನೂ ಕರ್ತೃಗಳು ಅನ್ನುತ್ತದೆ. ಹಕ್ಕು ಇಬ್ಬರಲ್ಲಿ ಕೊನೆಗೆ ಉಳಿದವರು ಹೋದ ಮೇಲೂ 60 ವರ್ಷ ಇರುತ್ತದೆ. ಚಿತ್ರ ಮಾರಿದರೂ, ‘ಇದು ನಾನೂ ಮಾಡಿದ್ದು’ ಅನ್ನುವ ಹಕ್ಕು ಮಾರಾಟವಾಗುವುದಿಲ್ಲ. ಇದನ್ನು ತಿಳಿದಿಟ್ಟುಕೊಳ್ಳಿ, ಮೊದಲ ಮಾತಿಗೇ ಅವಳ ಮುಂದೆ ಹಿಡಿಯಬೇಡಿ.

ಹೋಮ್‌ಸ್ಟೇಯವರಿಗೆ ಸದ್ಯಕ್ಕೆ ಸ್ವಲ್ಪ ತಡೆಯಿರಿ ಅಂತ ಅವಳಿಂದಲೇ ಹೇಳಿಸಿ. ಆಮೇಲೆ ಒಂದು ಭಾನುವಾರ ಇಬ್ಬರೂ ಬೇಲೂರಿಗೆ ಬನ್ನಿ. ಹೇಗೂ ನಿಮ್ಮಿಬ್ಬರ ಊರಿನ ನಡುವೆ ಇದೆ, ಯಾರ ಮನೆಗೆ ಯಾರು ಹೋಗಬೇಕು ಅನ್ನುವ ಬಿಗುಮಾನ ಇರುವುದಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಲೇಬಲ್ಲು, ಪೋಸ್ಟು, ಬಿಲ್ಲು ಎಲ್ಲದರಲ್ಲೂ ಇಬ್ಬರ ಹೆಸರು. ದುಡ್ಡು ಹೇಗೆ ಹಂಚುವುದು. ಚಿತ್ರ ಮುಗಿಯಿತು ಅಂತ ಹೇಳುವವರು ಯಾರು, ಏಕೆಂದರೆ ಮುಗಿದದ್ದರ ಮೇಲೆ ಇನ್ನೊಬ್ಬರು ಬ್ರಷ್ ಇಡಬಾರದು. ಕೈ ಬದಲಾಗುವಾಗೆಲ್ಲ ಒಂದು ಫೋಟೊ. ಗೋಣಿತಾಟಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಕೊಂಡವರಿಗೆ ಉತ್ತರ ಕೊಡುವವರು ಯಾರು, ಅದನ್ನೂ ಬರೆಯಿರಿ. ಹಳೇ ಪೋಸ್ಟನ್ನು ಅಲ್ಲೇ ಕೂತು ತಿದ್ದಿಸಿ.

ಆದಮೇಲೆ ದೇವಸ್ಥಾನಕ್ಕೆ ಹೋಗಿ ಹೊರಗೋಡೆಯ ಮೇಲಿನ ಮದನಿಕೆಯರನ್ನು ಕತ್ತೆತ್ತಿ ನೋಡಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇಬ್ಬರೂ ಅಲ್ಲಿ ಕೆತ್ತಿದವರು. ಅಪ್ಪನೂ ಜೊತೆಗಿದ್ದಾನೆ ಅಂತ ಮಗ ಹೆಸರು ಬಿಟ್ಟುಕೊಡಲಿಲ್ಲ. ತಾನು ಕೆತ್ತಿದ ಗೊಂಬೆಯ ಪೀಠದಲ್ಲಿ ತನ್ನ ಹೆಸರನ್ನೇ ಹಾಕಿದ. ಗೆಳತಿಗೆ ಅದನ್ನು ತೋರಿಸಿ. ಮನೆಯವರನ್ನು ಮಾತ್ರ ಅವತ್ತು ಜೊತೆಗೆ ಕರೆದುಕೊಂಡು ಹೋಗಬೇಡಿ.