ಹಕ್ಕು ಕೇಳುವವರಿಂದ ಲಾಭದ ಲೆಕ್ಕ ಏಕೆ?

ಓದುಗರ ಪತ್ರ: “ಮಹಿಳಾ ಮತಾಧಿಕಾರದ ಹೋರಾಟದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಬರೀ ಸಮಾನತೆಯ ಜಪ ಮಾಡಿದೆ. ‘ನಾವೂ ಮನುಷ್ಯರೇ’ ಎಂಬ ವಾದಕ್ಕೆ ಯಾವ ಗಂಡಸೂ ಕರಗಲಿಲ್ಲ. ಹೆಂಗಸರು ಬಂದರೆ ರಾಜಕೀಯ ಶುದ್ಧವಾಗುತ್ತದೆ, ಹೆಂಡ ತೊಲಗುತ್ತದೆ ಎಂದಾಗಲೇ ಬಾಗಿಲು ತೆರೆದದ್ದು. ಅಮೆರಿಕದಲ್ಲಂತೂ ತಾಯಿಯೊಬ್ಬಳ ಕಾಗದವೇ ಕೆಲಸ ಮುಗಿಸಿತು. ವರ್ಷಗಟ್ಟಲೆ ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದ ನನಗೆ ಗೆಲ್ಲುವ ವಾದ ಯಾವುದೆಂದು ಗೊತ್ತು. ಆ ತಾಯಂದಿರ ಬಗ್ಗೆಯೇ ಒಂದು ವಿಶೇಷ ಸಂಚಿಕೆ ತನ್ನಿ.”
— ನಿವೃತ್ತ ಅಧ್ಯಾಪಕರೊಬ್ಬರು

ಸಂಪಾದಕರ ಉತ್ತರ:

ಮೇಷ್ಟ್ರೇ, ಆ ಕಾಗದದಿಂದಲೇ ಶುರು ಮಾಡೋಣ. 1920ರ ಆಗಸ್ಟ್ 18, ಅಮೆರಿಕದ ಟೆನೆಸ್ಸಿ ರಾಜ್ಯದ ಶಾಸನಸಭೆ. ಹೆಂಗಸರಿಗೆ ಮತ ಕೊಡುವ ಸಂವಿಧಾನ ತಿದ್ದುಪಡಿಗೆ ಇನ್ನೊಂದೇ ರಾಜ್ಯದ ಒಪ್ಪಿಗೆ ಬೇಕು. 24 ವರ್ಷದ ಸದಸ್ಯ ಹ್ಯಾರಿ ಬರ್ನ್ ಎದೆಯ ಮೇಲೆ ವಿರೋಧಿಗಳ ಗುರುತಾದ ಕೆಂಪು ಗುಲಾಬಿ, ಜೇಬಿನಲ್ಲಿ ‘ಒಳ್ಳೇ ಹುಡುಗನಾಗಿ ಮತ ಹಾಕು’ ಎಂಬರ್ಥದ ಅಮ್ಮನ ಕಾಗದ. ಹೆಸರು ಕರೆದಾಗ ಪರವಾಗಿ ಮತ ಹಾಕಿಬಿಟ್ಟ. ನೀವು ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ದೀರಿ. ಅವನು ಲಂಚ ತಿಂದ ಎಂದು ಆಮೇಲೆ ಗುಲ್ಲೆದ್ದಾಗ, ಸದನದ ದಾಖಲೆಗೆ ಅವನೇ ಒಂದು ವಿವರಣೆ ಸೇರಿಸಿದ. ಅದರಲ್ಲಿ ಮೊದಲು ಬರೆದ ಕಾರಣ, ಪೂರ್ಣ ಮತಾಧಿಕಾರ ಒಂದು ಹಕ್ಕು ಎಂದು ತಾನು ನಂಬಿದ್ದೇನೆ ಅನ್ನುವುದು. ಅಮ್ಮನ ಮಾತು ಬರುವುದು ಅದಾದ ಮೇಲೆ. ಅಮ್ಮ ಮಾತ್ರ ನೆನಪುಳಿದಳು, ಹಕ್ಕನ್ನು ನಾವು ಸಲೀಸಾಗಿ ಮರೆತೆವು.

ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲ ಎನ್ನುತ್ತಿಲ್ಲ. ಹಾಲು, ನೀರು, ಕಸ ಎಲ್ಲವೂ ನಗರಾಡಳಿತದ ಕೈಗೆ ಹೋದ ಮೇಲೆ, ಮತವಿಲ್ಲದೆ ಹೆಣ್ಣು ತನ್ನ ಮನೆಯನ್ನೂ ಸರಿಯಾಗಿ ನೋಡಿಕೊಳ್ಳಲಾರಳು ಎಂದು ಅಮೆರಿಕದ ಸಮಾಜಸೇವಕಿ ಜೇನ್ ಆಡಮ್ಸ್ 1910ರಲ್ಲಿ ಬರೆದರು. ಜಾಣ ವಾದ. ಎಷ್ಟೋ ಮನೆಗಳನ್ನು ಮುಟ್ಟಿರಲೂ ಬಹುದು. ಒಪ್ಪಿದೆ, ಮುಂದಕ್ಕೆ ಹೋಗೋಣ.

ನಿಮ್ಮ ಗೆಲ್ಲುವ ವಾದದ ತೊಂದರೆ ಏನೆಂದರೆ, ಎದುರಾಳಿಗೂ ಅದೇ ಬೇಕು. 1908ರಲ್ಲಿ ಬ್ರಿಟನ್ನಿನಲ್ಲಿ ಮತಾಧಿಕಾರವನ್ನು ವಿರೋಧಿಸಲು ಹೆಂಗಸರೇ ಒಂದು ಸಂಘ ಕಟ್ಟಿಕೊಂಡರು. ಅವರೂ ಹೆಣ್ಣನ್ನು ಹೊಗಳಿದವರೇ! ಅವಳ ಗುಣ ಬೇರೆ, ಅವಳ ಲೋಕ ಬೇರೆ, ಸಾಮ್ರಾಜ್ಯ ಆಳುವ ಕೊಳಕಿಗೆ ಅವಳನ್ನೇಕೆ ಎಳೆಯುತ್ತೀರಿ ಎಂಬ ಧಾಟಿ. ಹೆಣ್ಣು ಪವಿತ್ರಳು ಎಂದು ನೀವೇ ಒಪ್ಪಿಕೊಟ್ಟ ಮೇಲೆ ಈ ಮಾತಿಗೆ ಯಾವ ಬಾಯಲ್ಲಿ ಉತ್ತರ ಹೇಳುತ್ತೀರಿ?

ನ್ಯೂಜಿಲೆಂಡಿನ ಪ್ರಚಾರವನ್ನೇ ನೋಡಿ. ಹೆಂಗಸರಿಗೆ ಮತ ಏಕೆ ಬೇಕೆಂಬುದಕ್ಕೆ ಹತ್ತು ಕಾರಣ ಹೇಳುವ ಪುಟ್ಟ ಕರಪತ್ರವೊಂದು 1888ರಲ್ಲಿ ಅಲ್ಲಿ ಹೊರಟಿತು. ಅಲ್ಲಿನ ಹೋರಾಟದ ಮುಂದಾಳು ಕೇಟ್ ಶೆಪರ್ಡ್ ಅವರ ಕೈಕೆಲಸ. ಮೊದಲ ಕಾರಣ ಇಷ್ಟೇ: ಅಪರಾಧಿಯಲ್ಲದ, ಬುದ್ಧಿಭ್ರಮೆಯಿಲ್ಲದ ಪ್ರತಿಯೊಬ್ಬ ವಯಸ್ಕರಿಗೂ ತಾವು ಪಾಲಿಸಬೇಕಾದ ಕಾನೂನಿನ ರಚನೆಯಲ್ಲಿ ದನಿ ಇದೆ ಎಂದು ಪ್ರಜಾಸರ್ಕಾರ ಈಗಾಗಲೇ ಒಪ್ಪಿಕೊಂಡಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಕೆಳಗೆ ಇಳಿದಂತೆ, ಹೆಂಗಸರು ಬಂದರೆ ಮತಗಟ್ಟೆಯ ವಾತಾವರಣವೇ ಶುದ್ಧವಾಗುತ್ತದೆ ಎಂಬಂಥ ಭರವಸೆಗಳು ಶುರು. 1893ರಲ್ಲಿ ಮತ ಸಿಕ್ಕಿತು, ಸಂತೋಷ. ಆದರೆ ಮತಗಟ್ಟೆ ಶುದ್ಧ ಮಾಡುವ ಕೆಲಸ ಅಲ್ಲಿಯವರೆಗೆ ಮತ ಹಾಕುತ್ತಿದ್ದ ಗಂಡಸರದ್ದಾಗಿರಲಿಲ್ಲವೆ?

ಇನ್ನು ಹೆಂಡ. ಅಮೆರಿಕದ ಪಾನನಿಷೇಧ ತಿದ್ದುಪಡಿಗೆ 1919ರಲ್ಲೇ ರಾಜ್ಯಗಳ ಒಪ್ಪಿಗೆ ಸಿಕ್ಕಿತ್ತು. ದೇಶದ ಉದ್ದಗಲಕ್ಕೂ ಹೆಂಗಸರಿಗೆ ಮತ ಬಂದದ್ದು ಮರುವರ್ಷ. 1933ರಲ್ಲಿ ನಿಷೇಧ ಹೋದಾಗ ಅವರ ಕೈಯಲ್ಲಿ ಮತವಿತ್ತು. ಅದನ್ನು ತೆಗೆಸಲು 1929ರಿಂದ ಓಡಾಡಿದ ದೊಡ್ಡ ಸಂಘವೊಂದು ಪಾಲೀನ್ ಸೇಬಿನ್ ಎಂಬ ಮಹಿಳೆ ಕಟ್ಟಿದ್ದು. ಹಾಗಾದರೆ ಕೊಟ್ಟ ಮಾತು ತಪ್ಪಿದರೆಂದು ಅವರ ಮತವನ್ನು ವಾಪಸು ತೆಗೆದುಕೊಳ್ಳೋಣವೇ?

ಇದಕ್ಕಿಂತ ಹೇಸಿಗೆಯ ಲಾಭದ ಲೆಕ್ಕವೂ ಇತ್ತು. 1903ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಮತಾಧಿಕಾರ ಸಮ್ಮೇಳನದ ವೇದಿಕೆಯಲ್ಲೇ ಬೆಲ್ ಕಿಯರ್ನಿ ಎಂಬ ಹೋರಾಟಗಾರ್ತಿ, ಹೆಂಗಸರಿಗೆ ಮತ ಕೊಟ್ಟರೆ ದಕ್ಷಿಣದಲ್ಲಿ ಬಿಳಿಯರ ಮೇಲುಗೈ ಭದ್ರವಾಗುತ್ತದೆ ಎಂದು ಭಾಷಣ ಮಾಡಿದರು. ಕೇಳುವವರಿಗೆ ಬೇಕಾದ್ದನ್ನು ಹೇಳುವುದೇ ವಾದವಾದರೆ ಇದೂ ವಾದವೇ. ನಿಮ್ಮ ಚರ್ಚಾಸ್ಪರ್ಧೆಯಲ್ಲಿ ಇದಕ್ಕೆಷ್ಟು ಅಂಕ ಕೊಡುತ್ತೀರಿ?

ನನಗೆ ಸೋಜರ್ನರ್ ಟ್ರೂತ್ ಇಷ್ಟ. ಅಮೆರಿಕದಲ್ಲಿ ಗುಲಾಮಳಾಗಿ ಹುಟ್ಟಿ, ಬಿಡುಗಡೆ ಪಡೆದು, 1851ರಲ್ಲಿ ಓಹಾಯೋದ ಸಭೆಯೊಂದರಲ್ಲಿ ಮಾತಿಗೆ ನಿಂತವಳು. ಅವಳ ಮಾತಿನ ಧಾಟಿ ನಮ್ಮ ಅಳತೆಯಲ್ಲಿ ಹೀಗೆ: ಗಂಡಸಿನ ಬುದ್ಧಿ ಒಂದು ಸೇರು, ಹೆಂಗಸಿನದು ಅಚ್ಚೇರು ಅಂತಲೇ ಇಟ್ಟುಕೊಳ್ಳಿ, ಆ ಅಚ್ಚೇರನ್ನು ಅವಳು ತುಂಬಿಸಿಕೊಂಡರೆ ನಿಮಗೇನು ನಷ್ಟ? ಈ ವಾದದಲ್ಲಿ ತಾಯ್ತನ, ಪಾವಿತ್ರ್ಯ ಯಾವುದನ್ನೂ ಅಡ ಇಡಲಿಲ್ಲ.

ಕರಗಿಸಲೇಬೇಕು ಎನ್ನುವ ನಿಮಗೆ ಸ್ವಿಟ್ಜರ್ಲೆಂಡನ್ನು ತೋರಿಸುತ್ತೇನೆ. 1959ರಲ್ಲಿ ಅಲ್ಲಿನ ಗಂಡಸರು ಮತ ಹಾಕಿ ಬೇಡ ಎಂದರು; 1971ರಲ್ಲಿ ಆಗಲಿ ಎಂದರು. ಆಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಸಣ್ಣ ಪ್ರಾಂತ್ಯದವರು ಮಾತ್ರ ತಮ್ಮೊಳಗಿನ ಚುನಾವಣೆಗೆ ಹೆಂಗಸರನ್ನು 1990ರ ಏಪ್ರಿಲ್‌ನಲ್ಲೂ ಬಿಟ್ಟುಕೊಳ್ಳಲಿಲ್ಲ. ಅದೇ ನವೆಂಬರಿನಲ್ಲಿ ಸಂವಿಧಾನದ ಸಮಾನತೆಯ ವಿಧಿ ಹಿಡಿದು ನ್ಯಾಯಾಲಯವೇ ತೀರ್ಪು ಕೊಡಬೇಕಾಯಿತು. ಅಲ್ಲಿಯೂ ತಾಯಂದಿರು ಇದ್ದರಲ್ಲ, ಮೇಷ್ಟ್ರೇ.

ನಮ್ಮಲ್ಲೂ ಹೆಣ್ಣಿಗಿಂತ ಅವಳು ಯಾರ ಹೆಂಡತಿ, ಯಾರ ಮಗಳು ಎಂಬುದೇ ಮುಂದೆ. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಲಕ್ಷಾಂತರ ಹೆಂಗಸರು ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದ ಸುಮಾರು 28 ಲಕ್ಷ ಮಂದಿಯನ್ನು ಪಟ್ಟಿಯಿಂದ ಕೈಬಿಡಲಾಯಿತು.

ಹೆಣ್ಣಿನಿಂದ ಲಾಭದ ಲೆಕ್ಕ ಕೇಳುವ ಚಾಳಿ ಇಂದಿಗೂ ಹೋಗಿಲ್ಲ. ‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’ ಎಂದು ಗೋಡೆ ಗೋಡೆಗೂ ಬರೆಯುತ್ತೇವೆ. ಗಂಡು ಕಲಿತರೆ ಏನು ತೆರೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಕಲಿತು, ಬಾಗಿಲು ಹಾಕಿಕೊಂಡು, ತನ್ನ ಪಾಡಿಗೆ ತಾನು ಓದುತ್ತಾ ಕೂರುವ ಹುಡುಗಿಗೆ ಕಲಿಯುವ ಹಕ್ಕಿಲ್ಲವೇ? ಮಾರ್ಚ್ ಬಂತೆಂದರೆ ನಮ್ಮ ಕಚೇರಿಗೂ ಲೇಖನಗಳ ರಾಶಿ: ಮನೆಯನ್ನೂ ಕಚೇರಿಯನ್ನೂ ಅವಳು ಹೇಗೆ ತೂಗಿಸಿದಳು, ಅವಳಿಂದ ದೇಶಕ್ಕೆ ಏನು ಬಂತು. ಮುದುಕರು, ಅಂಗವಿಕಲರು, ಕೂಲಿಯವರು ಏನಾದರೂ ಕೇಳಿದರೂ ಇದೇ ಗತಿ. ಕೊಟ್ಟರೆ ನಮಗೇನು ಲಾಭ ಎಂಬ ಪ್ರಶ್ನೆ ಮೊದಲು ಬರುತ್ತದೆ.

ನಿಮ್ಮ ವಿಶೇಷ ಸಂಚಿಕೆ ಬರುವುದಿಲ್ಲ, ಬೇಸರ ಬೇಡ. ಬರ್ನ್ ಕೊಟ್ಟ ವಿವರಣೆಯನ್ನು ಪೂರ್ತಿ ಓದಿ ಮತ್ತೆ ಬರೆಯಿರಿ. ಪುಟ ಖಾಲಿ ಇಟ್ಟಿರುತ್ತೇನೆ.