ಹಳೆಯ ಪಿಕಪ್ಪಿನ ಎಂಜಿನ್: ಟಕ್ ಟಕ್ ಬೇರೆ, ದಡ್ ದಡ್ ಬೇರೆ

ಪ್ರಶ್ನೆ: ನನ್ನ ಡೀಸೆಲ್ ಪಿಕಪ್ ಸುಮಾರು ಹದಿನೈದು ವರ್ಷ ಹಳೆಯದು. ನಾಲ್ಕು ಸಿಲಿಂಡರ್, ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಕೊಡುವ ಹೊಸ ವ್ಯವಸ್ಥೆ) ಅಲ್ಲ, ಹಳೆಯ ಮಾದರಿಯ ಪಂಪು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಮೇಲ್ಭಾಗದಿಂದ ಟಕ್ ಟಕ್ ಸದ್ದು ಮೊದಲಿನಿಂದಲೂ ಇದೆ. ಈಗ ಕುಮಟಾದಿಂದ ಸರಕು ತುಂಬಿಕೊಂಡು ದೇವಿಮನೆ ಘಟ್ಟ ಹತ್ತುವಾಗ ಒಳಗಿನಿಂದ ದಡ್ ದಡ್ ಎಂದು ಬಡಿದಂತೆ ಕೇಳಿಸುತ್ತದೆ. ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್‌ಗಳ ಗ್ಯಾಪ್ ಸರಿಪಡಿಸುವುದು) ಮಾಡಿಸಿದರೂ ಹೋಗಲಿಲ್ಲ. ಎಂಜಿನ್ ಇಳಿಸಲೇಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಘಟ್ಟ ಹತ್ತಿ ನಿಲ್ಲಿಸಿದಾಗ ಆಯಿಲ್ ದೀಪ ಒಮ್ಮೊಮ್ಮೆ ಮಿನುಗುವುದೂ ಉಂಟು. ಏನು ಮಾಡಲಿ?
— ಓದುಗರೊಬ್ಬರು, ಶಿರಸಿ

ಉತ್ತರ: ನೀವು ಕೊನೆಯಲ್ಲಿ ಬರೆದ ಆಯಿಲ್ ದೀಪದ ಮಾತೇ ಇಡೀ ಪತ್ರದಲ್ಲಿ ಮುಖ್ಯವಾದದ್ದು. ಅದು ಇತ್ಯರ್ಥವಾಗುವವರೆಗೆ ದಯವಿಟ್ಟು ಲೋಡು ಹಾಕಬೇಡಿ. ಮೊದಲು ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿ. ಮಟ್ಟ ಸರಿಯಿದ್ದರೆ, ದೀಪ ಹೊತ್ತಿಸುವ, ಎಂಜಿನ್ನಿನ ಮೈಗೆ ಕೂರಿಸಿರುವ ಸ್ವಿಚ್ಚನ್ನು ಬಿಚ್ಚಿ ಅದೇ ರಂಧ್ರಕ್ಕೆ ಪ್ರೆಶರ್ ಗೇಜ್ ಕೂರಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಒತ್ತಡವನ್ನು ಅಳೆಸಿ, ತಯಾರಕರ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಒತ್ತಡ ಸರಿಯಿದ್ದರೆ ಕೆಟ್ಟಿರುವುದು ಸ್ವಿಚ್ ಮಾತ್ರ ಇರಬಹುದು. ಕಡಿಮೆಯಿದ್ದರೆ, ಬಿಸಿಗೆ ತೆಳುವಾದ ಆಯಿಲ್ ಸವೆದ ಬೇರಿಂಗುಗಳ ಸಂದಿನಿಂದ ಸೋರಿಹೋಗುತ್ತಿದೆಯೆಂದೋ, ಆಯಿಲ್ ಪಂಪ್ ದುರ್ಬಲವಾಗಿದೆಯೆಂದೋ ಅನುಮಾನಿಸಬೇಕಾಗುತ್ತದೆ.

ಇನ್ನು ಸದ್ದಿನ ವಿಚಾರ. ನಿಮ್ಮ ಗಾಡಿಯಲ್ಲಿರುವುದು ಒಂದೇ ಸದ್ದು ಬೆಳೆದು ದೊಡ್ಡದಾದದ್ದಲ್ಲ, ಎರಡು ಬೇರೆ ಬೇರೆ ಸದ್ದುಗಳು ಎಂದು ನನಗನ್ನಿಸುತ್ತದೆ. ಟ್ಯಾಪೆಟ್ ಸೆಟ್ಟಿಂಗಿನಿಂದ ದಡ್ ದಡ್ ನಿಲ್ಲದಿರುವುದಕ್ಕೂ ಅದೇ ಕಾರಣ. ವಾಲ್ವ್‌ಗಳನ್ನು ನಡೆಸುವ ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ, ಅಂದರೆ ಎಂಜಿನ್ನಿನ ಮುಖ್ಯ ದಂಡದ, ಅರ್ಧ ವೇಗದಲ್ಲಿ ತಿರುಗುವುದರಿಂದ, ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗಿನಲ್ಲಿ ಒಂದು ವಾಲ್ವಿನ ಟಕ್ ಸದ್ದು 400 ಬಾರಿ ಮಾತ್ರ ಬರುತ್ತದೆ. ಅದು ಹಗುರ, ಚೂಪು, ಲೋಡಿಗೆ ಅಷ್ಟಾಗಿ ಬದಲಾಗುವುದಿಲ್ಲ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಸವೆದಾಗ ಬರುವ ಬಡಿತವಾದರೋ ದಪ್ಪವಾಗಿ ಕೆಳಗಿನಿಂದ ಬರುತ್ತದೆ, ಎಂಜಿನ್ ಬಿಸಿಯಾದಷ್ಟೂ ಹೆಚ್ಚುತ್ತದೆ, ಏರಿನಲ್ಲಿಯೂ ಆಕ್ಸಲರೇಟರಿನಿಂದ ತಟ್ಟನೆ ಕಾಲು ತೆಗೆದಾಗಲೂ ಎದ್ದು ಕೇಳಿಸುತ್ತದೆ. ಪಿಸ್ಟನ್ ಮತ್ತು ಲೈನರ್ (ಸಿಲಿಂಡರಿನ ಒಳಗೋಡೆ) ಸವೆದು ಬರುವ ಸದ್ದು ಇದಕ್ಕೆ ತದ್ವಿರುದ್ಧ: ತಣ್ಣಗಿದ್ದಾಗ ಜೋರು, ಕಾದ ಮೇಲೆ ಕಡಿಮೆ.

ಆದರೆ ಬೇರಿಂಗಿನ ಬಡಿತವನ್ನೇ ಹೋಲುವ ಸದ್ದನ್ನು ಕೆಟ್ಟ ನಾಝಲ್ ಕೂಡ ಮಾಡಬಲ್ಲದು. ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸದೆ ತೊಟ್ಟಿಕ್ಕಿಸುವ ನಾಝಲ್ ಇರುವ ಸಿಲಿಂಡರಿನಲ್ಲಿ ಇಂಧನ ತಡವಾಗಿ, ಒಮ್ಮೆಲೇ ಹೊತ್ತಿಕೊಂಡು ಹೊಡೆಯುತ್ತದೆ. ಇವೆರಡನ್ನೂ ಬೇರ್ಪಡಿಸುವ ಪರೀಕ್ಷೆ ಹಳೆಯದಾದರೂ ನಂಬಿಕೆಗೆ ಯೋಗ್ಯವಾದದ್ದು. ಐಡ್ಲಿಂಗಿನಲ್ಲಿ ಒಂದೊಂದೇ ನಾಝಲಿನ ಪೈಪಿನ ನಟ್ಟನ್ನು, ಮೇಲೆ ಬಟ್ಟೆ ಸುತ್ತಿ, ಸ್ವಲ್ಪ ಸಡಿಲಿಸಿ ಆ ಸಿಲಿಂಡರಿಗೆ ಇಂಧನ ತಪ್ಪಿಸಬೇಕು. ಸದ್ದು ಏನೂ ಬದಲಾಗದಿದ್ದರೆ ತಪ್ಪು ಬೇರೆಡೆ ಇದೆ. ಒಂದು ಸಿಲಿಂಡರಿನಲ್ಲಿ ಮಾತ್ರ ಸದ್ದು ತಗ್ಗಿದರೆ ಆ ನಾಝಲನ್ನು ಪಕ್ಕದ ಸಿಲಿಂಡರಿಗೆ, ಹೊಸ ತಾಮ್ರದ ವಾಷರ್ ಹಾಕಿ, ಬದಲಾಯಿಸಿ ನೋಡಬೇಕು: ಸದ್ದೂ ಜೊತೆಗೇ ಹೋದರೆ ತಪ್ಪು ನಾಝಲಿನದು, ಅಲ್ಲೇ ಉಳಿದರೆ ಬೇರಿಂಗು ಅಥವಾ ಪಿಸ್ಟನ್ನಿನದು. ಕಣ್ಣಿಗೆ ಕನ್ನಡಕವಿರಲಿ, ಚಿಮ್ಮುವ ಡೀಸೆಲ್ಲಿಗೆ ಕೈ ಒಡ್ಡಬೇಡಿ. ಆ ಒತ್ತಡದಲ್ಲಿ ಅದು ಚರ್ಮದೊಳಕ್ಕೆ ಹೊಕ್ಕುಬಿಡುತ್ತದೆ. ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ 1000 ಬಾರ್ ದಾಟುವುದರಿಂದ ಈ ಪರೀಕ್ಷೆಯನ್ನು ಯಾರೂ ಮಾಡಕೂಡದು.

ಆಯಿಲ್ ಫಿಲ್ಟರನ್ನು ಬಿಚ್ಚಿ ಕಾಗದದ ಮಡಿಕೆಗಳನ್ನೂ ಬಿಡಿಸಿ ನೋಡಿ. ತಾಮ್ರದ ಬಣ್ಣದ ಮಿನುಗು ಕಂಡರೆ ಬೇರಿಂಗಿನ ಮೇಲ್ಪದರ ಹೋಗಿ ಒಳಪದರ ಸವೆಯುತ್ತಿದೆ ಎಂದರ್ಥ.

ಹೀಗಿದ್ದರೂ ಪೂರ್ತಿ ಎಂಜಿನ್ ಇಳಿಸುವ ಮೊದಲು ಕೆಳಗಿನ ಆಯಿಲ್ ಚೇಂಬರ್ ಮಾತ್ರ ಬಿಚ್ಚಿಸಿ. ಅನೇಕ ಪಿಕಪ್‌ಗಳಲ್ಲಿ ಬಿಗ್ ಎಂಡ್ ಬೇರಿಂಗುಗಳನ್ನು ಅಲ್ಲಿಂದಲೇ ತೆಗೆದು ನೋಡಬಹುದು. ಕ್ರ್ಯಾಂಕಿನ ಮೈ ನುಣುಪಾಗಿದ್ದು ಅಳತೆಯೂ ಸರಿಯಿದ್ದರೆ ಬೇರಿಂಗ್ ಬದಲಾವಣೆಯಲ್ಲಿ ಕೆಲಸ ಮುಗಿದೀತು. ಗೀರು ಬಿದ್ದಿದ್ದರೆ ಮಾತ್ರ ಕ್ರ್ಯಾಂಕ್ ಹೊರಬಂದು ಗ್ರೈಂಡಿಂಗ್ ಆಗಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ (ಗ್ರೈಂಡ್ ಆಗಿ ಸಣ್ಣದಾದ ಕ್ರ್ಯಾಂಕಿಗೆ ಹೊಂದುವ) ಬೇರಿಂಗ್ ಬೀಳಬೇಕಾಗುತ್ತದೆ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಕೊನೆಗೆ ನಿಜವಾಗಬಹುದು, ಆದರೆ ಗೇಜ್ ಹಾಕದೆ ಆ ಮಾತು ಹೇಳಿದ್ದರೆ ಅದು ಅವಸರವೇ ಸರಿ. ದಪ್ಪ ಆಯಿಲ್ ಹಾಕಿ ಸದ್ದು ಅಡಗಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದು ಗಾಡಿ ಮಾರುವವರ ಉಪಾಯ.

ಪ್ರಶ್ನೆ: ಟ್ಯಾಪೆಟ್ ಸದ್ದು ಪೂರ್ತಿ ನಿಲ್ಲುವಂತೆ ಗ್ಯಾಪ್ ಇನ್ನಷ್ಟು ಕಡಿಮೆ ಮಾಡಿಸಬಹುದೇ?
— ಓದುಗರೊಬ್ಬರು, ಹಾವೇರಿ

ಉತ್ತರ: ಖಂಡಿತ ಬೇಡ. ವಾಲ್ವ್ ಕಾದಾಗ ಉದ್ದವಾಗುತ್ತದೆ. ಗ್ಯಾಪ್ ಸಾಲದಿದ್ದರೆ ಅದು ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸಲಾಗದೆ ಅಂಚು ಸುಟ್ಟುಹೋಗುತ್ತದೆ. ಗ್ಯಾಪ್ ಸರಿಯಿದ್ದೂ ಸದ್ದು ಉಳಿದಿದ್ದರೆ ವಾಲ್ವನ್ನು ಒತ್ತುವ ರಾಕರಿನ ತುದಿಯನ್ನು ನೋಡಿಸಿ. ಅಲ್ಲಿ ಸವೆದು ಗುಳಿ ಬಿದ್ದಿದ್ದರೆ ಗ್ಯಾಪ್ ಅಳೆಯುವ ಫೀಲರ್ ಗೇಜಿನ ಪಟ್ಟಿ ಗುಳಿಯ ಅಂಚುಗಳ ಮೇಲೆ ನಿಂತು ಗ್ಯಾಪ್ ಕಡಿಮೆ ತೋರಿಸುತ್ತದೆ, ನಿಜವಾದ ಗ್ಯಾಪ್ ಹೆಚ್ಚೇ ಇರುತ್ತದೆ. ಎಂಜಿನ್ನಿನ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೂ ಇಂಥದ್ದೇ ಟಕ್ ಟಕ್ ಬರುತ್ತದೆ. ಎಂಜಿನ್ ಕಾದಂತೆ ಅದು ತಗ್ಗುವುದುಂಟು, ಜೋಡಣೆಯ ಸುತ್ತ ಕಪ್ಪು ಮಸಿ ಕಾಣಿಸುತ್ತದೆ.